ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತಿರುವ ಮಲೆನಾಡು

ಸಾಗರ, ಶಿರಸಿ, ತೀರ್ಥಹಳ್ಳಿ, ಶೃಂಗೇರಿಗಳಿಂದ ರಾತ್ರಿ ಹೊರಟ ಬಸ್ಸುಗಳು ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರನ್ನು ಸೇರುತ್ತವೆ. ಅವುಗಳಿಂದ ಇಳಿಯುವ ಯುವಕ ಯುವತಿಯರಲ್ಲಿ ಅನೇಕರ ದಾರಿ ನಗರದ ದಕ್ಷಿಣದ ಬಡಾವಣೆಗಳ ಕಡೆಗೆ: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ. ಕೈಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ, ಹಲಸಿನ ಹಪ್ಪಳದ ಕಟ್ಟು. ಒಂದು ಕೋಣೆಗೆ ಮೂರೋ ನಾಲ್ಕೋ ಮಂಚ ಹಾಕಿದ ಪಿ.ಜಿ.ಯಲ್ಲಿ ಸ್ನಾನ ಮುಗಿಸಿ ಹೊಸೂರು ರಸ್ತೆಯತ್ತ ಹೊರಟರೆ ಎದುರಾಗುವುದು ವಾಹನದಟ್ಟಣೆಗೆ ದೇಶದಲ್ಲೆಲ್ಲ ಹೆಸರಾದ ಸಿಲ್ಕ್ ಬೋರ್ಡ್ ವೃತ್ತ.

ಆ ಹೆಸರಿನ ಮೂಲವನ್ನು ಅಲ್ಲಿ ಕಾಯುತ್ತ ನಿಂತವರಾರೂ ವಿಚಾರಿಸುವುದಿಲ್ಲ. ಅಷ್ಟು ವ್ಯವಧಾನ ಅಲ್ಲಿ ಯಾರಿಗೂ ಇಲ್ಲ. 1948ರ ಕಾಯ್ದೆಯಂತೆ ರಚಿತವಾದ ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿ ಆ ವೃತ್ತದ ಪಕ್ಕದಲ್ಲಿದೆ. ಹಿಪ್ಪುನೇರಳೆ ಬೆಳೆಯುವ ರೈತ, ಹುಳು ಸಾಕುವ ಮನೆಯ ಹೆಂಗಸರು, ನೂಲು ಬಿಚ್ಚುವವರು, ನೇಯುವವರು, ಹೀಗೆ ಹಳ್ಳಿಯಲ್ಲಿಯೇ ಹತ್ತು ಕೈಗಳಿಗೆ ಕೆಲಸ ಹಂಚುವ ಒಂದು ಉದ್ಯಮವನ್ನು ಬೆಳೆಸಲೆಂದು ಹುಟ್ಟಿದ ಸಂಸ್ಥೆ ಅದು. ಹಳ್ಳಿಗೆ ಕೆಲಸವನ್ನು ಒಯ್ಯಬೇಕಾಗಿದ್ದ ಮಂಡಳಿಯ ಹೆಸರು, ಹಳ್ಳಿಯನ್ನು ಬಿಟ್ಟು ಬಂದವರೆಲ್ಲ ಒಟ್ಟಾಗಿ ಸಿಲುಕಿಕೊಳ್ಳುವ ವೃತ್ತಕ್ಕೆ ಅಂಟಿಕೊಂಡಿದೆ. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಅಲ್ಲಿಗೆ ಎರಡಂತಸ್ತಿನ ಮೇಲ್ಸೇತುವೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿನ ಹಳದಿ ಮಾರ್ಗದ ಮೆಟ್ರೊ ಓಡಿತು. ಬರುವವರ ಸಂಖ್ಯೆ ಮಾತ್ರ ಸೇತುವೆಗಿಂತ ವೇಗವಾಗಿ ಬೆಳೆಯುತ್ತದೆ.

ದಕ್ಷಿಣ ಬೆಂಗಳೂರಿನ ಈ ಬಡಾವಣೆಗಳು ಹುಟ್ಟಿದ ಬಗೆಯನ್ನು ಮಲೆನಾಡಿನ ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು. ಬಿ.ಟಿ.ಎಂ. ಎಂಬ ಮೂರಕ್ಷರಗಳ ಹಿಂದೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿವೆ. ಕೆರೆ, ತೋಟ, ಹೊಲಗಳಿದ್ದ ಹಳ್ಳಿಗಳವು. ಜಯನಗರವು 1948ರ ಸುಮಾರಿಗೆ ಯೋಜಿತ ಬಡಾವಣೆಯಾಗಿ ರೂಪುಗೊಳ್ಳತೊಡಗಿದಾಗ ಬೆಂಗಳೂರಿನ ದುಡಿಮೆಗೆ ಹಲವು ಮುಖಗಳಿದ್ದವು. ಬಟ್ಟೆ ಗಿರಣಿಗಳಿದ್ದವು. ಅದೇ ದಶಕದಿಂದ ಮುಂದಿನ ಹತ್ತು ವರ್ಷಗಳಲ್ಲಿ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಬಂದವು. ಆಡುಗೋಡಿಯ ಬಳಿ ಮೈಕೊ ಕಾರ್ಖಾನೆ ಬಂದಿತು, ಬಿ.ಟಿ.ಎಂ.ನ ಒಂದು ಭಾಗವನ್ನು ಇಂದಿಗೂ ಮೈಕೊ ಲೇಔಟ್ ಎಂದೇ ಕರೆಯುತ್ತಾರೆ. ಫಿಟ್ಟರು, ಟರ್ನರು, ಗುಮಾಸ್ತ, ಶಾಲಾಮಾಸ್ತರ, ಕಿರಾಣಿ ವರ್ತಕ ಒಂದೇ ಬೀದಿಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿದ ಕಾಲವದು. ಒಂದು ಕಾರ್ಖಾನೆಯಲ್ಲಿ ಮುಷ್ಕರವಾದರೆ ಬೀದಿಯ ಒಂದೆರಡು ಮನೆಗಳು ಸಾಲ ಮಾಡುತ್ತಿದ್ದವು, ಇಡೀ ಬೀದಿ ಅಲ್ಲ.

ಈಗ ಇಡೀ ಬೀದಿ ಒಂದೇ ಗಾಳಿಗೆ ನಡುಗುತ್ತದೆ. ಸಾಫ್ಟ್‌ವೇರ್ ಉದ್ಯಮದ ಸಂಬಳ, ಆ ಸಂಬಳದಿಂದ ಬರುವ ಬಾಡಿಗೆ, ಆ ಬಾಡಿಗೆಯ ಆಸೆಗೆ ಏರುವ ಭೂಮಿಯ ಬೆಲೆ ಎಂಬ ಮೂರು ಗಂಟುಗಳನ್ನು ಒಂದೇ ಹಗ್ಗದಲ್ಲಿ ಹಾಕಲಾಗಿದೆ. 2001ರಲ್ಲಿ, ಮತ್ತೆ 2008ರಲ್ಲಿ ಅಮೆರಿಕದಲ್ಲಿ ವ್ಯವಹಾರ ಕುಸಿದಾಗ ಆ ನಡುಕ ಇಲ್ಲಿಗೂ ತಲುಪಿತ್ತು. 2020ರ ಲಾಕ್‌ಡೌನಿನಲ್ಲಿ ಪಿ.ಜಿ.ಗಳು ಬರಿದಾದವು, ಅವುಗಳನ್ನೇ ನಂಬಿದ್ದ ಅಡುಗೆಯವರು, ಬಟ್ಟೆ ಇಸ್ತ್ರಿ ಮಾಡುವವರು, ತಳ್ಳುಗಾಡಿಯವರು, ಆಟೊ ಚಾಲಕರು ಕೈಚೆಲ್ಲಿ ಕುಳಿತರು. ಅದಕ್ಕೂ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು, ಬಿ.ಟಿ.ಎಂ.ಗೆ ಕೂಗಳತೆಯ ದೂರದ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ ಇಳಿದಿದ್ದರು. ಭವಿಷ್ಯನಿಧಿಯ ಪೂರ್ಣ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ಕೇಂದ್ರ ಸರ್ಕಾರದ ನಿಯಮವೇ ಅವರ ಸಿಟ್ಟಿಗೆ ಕಾರಣ. ದೊಡ್ಡ ನಾಯಕರಾರೂ ಇಲ್ಲದ ಆ ಪ್ರತಿಭಟನೆಗೆ ಮಣಿದು ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಗಾರ್ಮೆಂಟ್ಸ್ ಕೆಲಸ ಯಾವಾಗ ಬೇಕಾದರೂ ಹೋದೀತು, ಹೋದಾಗ ಕೈಹಿಡಿಯುವ ಇನ್ನೊಂದು ದುಡಿಮೆ ಇಲ್ಲ, ಹಾಗಾಗಿ ಅಷ್ಟಿಷ್ಟು ಕೂಡಿಟ್ಟ ಹಣವೇ ಗತಿ ಎಂಬ ಅವರ ಲೆಕ್ಕಾಚಾರವು ಯಾವ ಅರ್ಥಶಾಸ್ತ್ರಜ್ಞನ ಲೆಕ್ಕಾಚಾರಕ್ಕಿಂತಲೂ ಖಚಿತವಾಗಿತ್ತು.

ಅಡಿಕೆ ತೋಟದ ಭಾಷೆಯಲ್ಲಿ ಹೇಳುವುದಾದರೆ ಇದು ಒಂದೇ ಕಂಬದ ಮೇಲೆ ನಿಲ್ಲಿಸಿದ ಚಪ್ಪರ. ನಗರವನ್ನು ಹೀಗೆ ಟೀಕಿಸುವ ಮಲೆನಾಡು ತನ್ನ ಅಂಗಳವನ್ನೂ ಒಮ್ಮೆ ನೋಡಿಕೊಳ್ಳಬೇಕಾಗಿದೆ. ಇಲ್ಲಿಯ ಚಪ್ಪರದ ಕಂಬವೂ ಒಂದೇ. ಅಡಿಕೆಯ ಧಾರಣೆ ಏರಿದ ವರ್ಷ ಹೊಸ ಮನೆ, ಹೊಸ ಕಾರು, ಮಗನ ಇಂಜಿನಿಯರಿಂಗ್ ಸೀಟು. ಇಳಿದ ವರ್ಷ ಸಹಕಾರಿ ಸಂಘದ ನೋಟೀಸು. ಗದ್ದೆಗಳು ತೋಟಗಳಾದವು. ಬೆಟ್ಟದ ಸೊಪ್ಪು ಸಾಲದಾಯಿತು. ಚನ್ನಗಿರಿ, ದಾವಣಗೆರೆ, ಚಿತ್ರದುರ್ಗದ ಬಯಲುಗಳಲ್ಲಿಯೂ ಕೊಳವೆಬಾವಿಯ ನೀರಿಗೆ ಅಡಿಕೆ ಎದ್ದು ನಿಂತಿದೆ. ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗದ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. ಅಡಿಕೆಯ ಮಾನ ಉಳಿಸಲು ವಾದ ಹೂಡುವುದು ಒಂದು ಕೆಲಸ. ಆ ವಾದದಲ್ಲಿ ಸೋತರೂ ಮನೆಯೊಲೆ ಉರಿಯುವಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಸಭೆಗಳು ಬೇಕಾದಷ್ಟು ನಡೆಯುತ್ತಿವೆ.

ಏಕೋದ್ಯಮದ ಗತಿ ಏನೆಂಬುದನ್ನು ನೋಡಲು ಮಲೆನಾಡಿಗರು ದೂರ ಹೋಗಬೇಕಿಲ್ಲ. ಕುದುರೆಮುಖಕ್ಕೆ ಹೋದರೆ ಸಾಕು. 1976ರಲ್ಲಿ ಸ್ಥಾಪನೆಯಾದ ಅದಿರು ಕಂಪನಿಯು ಬೆಟ್ಟವನ್ನು ಕೊರೆದು, ಅದಿರಿನ ರಾಡಿಯನ್ನು 67 ಕಿಲೋಮೀಟರು ಕೊಳವೆಯಲ್ಲಿ ಪಣಂಬೂರಿಗೆ ಹರಿಸಿತು. ಭದ್ರೆ ಕೆಂಪಾದಳು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಾಗ ಪರಿಸರ ಚಳವಳಿ ಸಂಭ್ರಮಿಸಿತು, ಸಂಭ್ರಮಿಸಿದ್ದು ನ್ಯಾಯವೇ. ಆದರೆ ಶಾಲೆ, ಆಸ್ಪತ್ರೆ, ಅಂಗಡಿಗಳಿದ್ದ ಆ ಊರು ಕೆಲವೇ ವರ್ಷಗಳಲ್ಲಿ ಬಿಕೋ ಎಂದಿತು. ಗಣಿಯೊಂದನ್ನು ಬಿಟ್ಟು ಮತ್ತೊಂದು ದುಡಿಮೆಯ ಬೇರು ಅಲ್ಲಿ ಇಳಿದಿರಲಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಯದೂ ಇದೇ ಮಾತು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಅದಕ್ಕಾಗಿ ಮಲೆನಾಡಿನ ಕಾಡನ್ನು ಸವರಿ ನೆಟ್ಟ ಅಕೇಶಿಯಾ ಮಾತ್ರ ಗುಡ್ಡಗಳ ಮೇಲೆ ನಿಂತೇ ಇದೆ. ಹೋರಾಟಗಾರರು ಒಂದು ಹಾನಿಯನ್ನು ತಡೆದ ಮರುದಿನ, ಅಲ್ಲಿ ದುಡಿಯುತ್ತಿದ್ದವರ ಊಟದ ಪ್ರಶ್ನೆಯನ್ನು ತಮ್ಮದೆಂದು ಎತ್ತಿಕೊಳ್ಳದೆ ಹೋದದ್ದು ಚಳವಳಿಯ ಲೋಪವೆಂದೇ ಒಪ್ಪಬೇಕಾಗುತ್ತದೆ.

ಸರ್ಕಾರಕ್ಕೆ ಈ ವಿಷಯ ಗೊತ್ತಿಲ್ಲವೆಂದಲ್ಲ. ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಲೆಕ್ಕ ಹಾಕಿ, ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ಯೋಜನೆಯನ್ನು ಸೂಚಿಸಿತ್ತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ನೇತೃತ್ವದಲ್ಲಿ ಮತ್ತೊಂದು ಸಮಿತಿಯ ರಚನೆಯಾಯಿತು. ಈ ನಡುವೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುವಂತಾಯಿತು. 'ಬೆಂಗಳೂರಿನಾಚೆ' ಎಂಬ ಘೋಷಣೆಯಡಿ ಉದ್ಯಮಗಳನ್ನು ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಒಯ್ಯುವ ಪ್ರಯತ್ನ ನಡೆದಿದೆ. ಬೇಡವೆನ್ನಲಾಗದು. ಆದರೆ ಅದೂ ನಗರದಿಂದ ನಗರಕ್ಕೆ ನಡೆಯುವ ಪ್ರಯಾಣ. ಮೊಬೈಲ್ ಸಂಕೇತ ಹುಡುಕಿಕೊಂಡು ಗುಡ್ಡ ಹತ್ತಿ ತಾಡಪಾಲು ಕಟ್ಟಿ ಪಾಠ ಕೇಳಿದ ಮಲೆನಾಡಿನ ಮಕ್ಕಳಿಗೆ ಆ ಘೋಷಣೆಯಲ್ಲಿ ಜಾಗವಿಲ್ಲ.

ಇದು ಬರೀ ನೌಕರಿಯ ಪ್ರಶ್ನೆಯಾಗಿದ್ದರೆ ಪರಿಸರ ಪತ್ರಿಕೆಯ ಸಂಪಾದಕೀಯಕ್ಕೆ ಅದು ವಸ್ತುವಾಗಬೇಕಿರಲಿಲ್ಲ. ದುಡಿಮೆ ಎಲ್ಲಿ ರಾಶಿಯಾಗುತ್ತದೆಯೋ ನೀರು ಅಲ್ಲಿಗೆ ಹೋಗಬೇಕಾಗುತ್ತದೆ. 1951ರಲ್ಲಿ ಎಂಟು ಲಕ್ಷವನ್ನೂ ಮುಟ್ಟದಿದ್ದ ಬೆಂಗಳೂರಿನ ಜನಸಂಖ್ಯೆ 2011ರ ಜನಗಣತಿಯಲ್ಲಿ 84 ಲಕ್ಷವಾಗಿತ್ತು. ಜಯನಗರದ ನಲ್ಲಿಯಲ್ಲಿ ಬೀಳುವ ನೀರು ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬಂದ ಕಾವೇರಿ. 1974ರಲ್ಲಿ ಮೊದಲ ಹಂತ ಮುಗಿಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರು ಹೆಚ್ಚುವರಿ ನೀರು ಸೇರಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಲ್ಲಬೇಕಾಗಿ ಬಂದದ್ದನ್ನು ಮರೆಯುವಂತಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ ಕೂಡಿ ಉಳಿಸಿಕೊಂಡದ್ದು, 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದದ್ದು ಮೆಚ್ಚತಕ್ಕ ಸಂಗತಿಗಳು. ಅವುಗಳಿಂದ ನಗರದ ಬಾಯಾರಿಕೆ ತೀರುವುದಿಲ್ಲವಷ್ಟೆ.

ಕಾವೇರಿಯ ಪಾಲು ಮುಗಿದ ಮೇಲೆ ಯಾವ ನದಿ? ಉತ್ತರ ಈಗಾಗಲೇ ಕಡತದಲ್ಲಿದೆ. ಬಿ.ಎನ್. ತ್ಯಾಗರಾಜ ಸಮಿತಿಯ ವರದಿಯನ್ನು ಆಧರಿಸಿ 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ, ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಸಾಹಿತಿ ನಾ. ಡಿಸೋಜ ಅವರಂಥ ಹಿರಿಯರು ಮುಂದೆ ನಿಂತರು. 1964ರಲ್ಲಿ ಮುಗಿದ ಅಣೆಕಟ್ಟೆಗಾಗಿ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಅಂದು ಬೀದಿಯಲ್ಲಿದ್ದರು. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೆಂಗಳೂರು ಸುಮಾರು 3,000 ಅಡಿಯಲ್ಲಿದೆ. ನದಿಯನ್ನು ಆ ಎತ್ತರಕ್ಕೆ ನೂಕಲು ಬೇಕಾಗುವ ವಿದ್ಯುತ್ತಿಗೆ ಮತ್ತೆ ಅದೇ ನದಿಯನ್ನೇ ಕೇಳಬೇಕಾದೀತು. ಪ್ರಸ್ತಾಪ ಆಗ ಹಿಂದೆ ಸರಿದರೂ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಶರಾವತಿಯ ನೀರನ್ನು ಒಯ್ಯಬಾರದೆಂದು ಸಾಗರದಲ್ಲಿ ಘೋಷಣೆ ಕೂಗುವ ತಂದೆಗೆ, ಬಿ.ಟಿ.ಎಂ.ನಲ್ಲಿ ನೀರಿಲ್ಲವೆಂದು ಪರದಾಡುವ ಮಗಳು ಸಂಜೆ ಫೋನು ಮಾಡುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಮಗಳ ದುಡಿಮೆಗೆ ಸಾಗರದಲ್ಲಿಯೋ ಶಿರಸಿಯಲ್ಲಿಯೋ ಒಂದು ನೆಲೆ ಸಿಗುವವರೆಗೆ ಕೊಳವೆಯ ವಿರುದ್ಧದ ಹೋರಾಟವು ಅರ್ಧ ಹೋರಾಟವಾಗಿಯೇ ಉಳಿಯುತ್ತದೆ.

ಅಂಥ ನೆಲೆಗಳನ್ನು ಕಟ್ಟಿದವರು ಇಲ್ಲದಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದ ಕಷ್ಟದಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ತೋಟದ ನಡುವೆ ಬೆಳೆದ ಕೋಕೊ ಕೊಳ್ಳುವವರಿಲ್ಲದೆ ಬಿದ್ದಾಗ ಅದು ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಕಾರ್ಖಾನೆಯ ಒಡೆಯರಾದ, ತೋಟದ ಸಮೀಪದಲ್ಲಿಯೇ ಮೌಲ್ಯ ಹೆಚ್ಚಿದ ಉದಾಹರಣೆ ಇದು. ಕಾಫಿಯ ಕಥೆ ಇದಕ್ಕೆ ವಿರುದ್ಧ. ಚಿಕ್ಕಮಗಳೂರಿನ ಬೀಜವನ್ನು ಹುರಿದು, ಪುಡಿಮಾಡಿ, ಚಿಕೋರಿ ಬೆರೆಸಿ ಮಾರುವ ಲಾಭ ಜಯನಗರದ ಮೂಲೆಮೂಲೆಯ ಅಂಗಡಿಗಳಲ್ಲಿ ಪರಿಮಳಿಸುತ್ತದೆ. ಬೆಳೆಗಾರನಿಗೆ ದಕ್ಕುವುದು ಬೀಜದ ಬೆಲೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರಿ ಸಂಘದ ಅನುಭವವಂತೂ ಪಠ್ಯವಾಗಬೇಕಾದದ್ದು. ನೇಕಾರಿಕೆಯ ಪರಂಪರೆಯೇ ಇಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಮಗ್ಗ ಕಲಿತರು, ಬಣ್ಣ ಕಲಿತರು, ಹೊಲಿಗೆ ಕಲಿತರು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅವರ ಬಣ್ಣದ ಹಂಡೆಗೆ ಹೋಗಿ ಕಂದುಗೆಂಪು ಸೀರೆಯಾಗಿ, ಜುಬ್ಬವಾಗಿ ಹೊರಬಂದಿತು. ಒಂದು ಬೆಳೆಯನ್ನು ಕಿತ್ತೆಸೆಯದೆಯೇ ಅದರ ಪಕ್ಕದಲ್ಲಿ ಇನ್ನೊಂದು ದುಡಿಮೆಯನ್ನು ನಿಲ್ಲಿಸುವ ಬಗೆ ಇದು. ಆ ಬಟ್ಟೆ ಬೆಂಗಳೂರಿನ 'ದೇಸಿ' ಅಂಗಡಿಗಳಿಗೆ ಬಂದಿತು. ಜಯನಗರಕ್ಕೆ ಹೊಂದಿಕೊಂಡ ಸೌತ್ ಎಂಡ್ ವೃತ್ತದ ಬಳಿಯ ಅಂಗಡಿ ಬಹಳ ಮಂದಿಗೆ ಪರಿಚಿತ. ಮಲೆನಾಡಿನ ಹುಡುಗಿಯೊಬ್ಬಳು ಮನೆಯಿಂದ ನಡೆದುಹೋಗಿ ದುಡಿದದ್ದನ್ನು ಜಯನಗರದ ಶಾಲಾ ಶಿಕ್ಷಕಿ ಉಟ್ಟುಕೊಳ್ಳುವ ಈ ವ್ಯವಹಾರದಲ್ಲಿ ಯಾವ ನದಿಯೂ ಬೆಟ್ಟ ಏರಬೇಕಾಗಿಲ್ಲ.

ಅದನ್ನು ಬರೀ ಹೊಗಳಿ ಮುಗಿಸುವುದು ಅಪ್ರಾಮಾಣಿಕತೆಯಾದೀತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕುಳಿತರು. 2020ರಲ್ಲಿ ಕೋವಿಡ್ ಬಂದು ಅಂಗಡಿಗಳು ಮುಚ್ಚಿದಾಗ ಬಟ್ಟೆಯ ರಾಶಿ ಉಳಿಯಿತು, ಸರ್ಕಾರದಿಂದ ಬರಬೇಕಾದ ಹಣ ಬರಲಿಲ್ಲ. ಚರಕವು ದಿವಾಳಿಯಾಗಿರುವುದಾಗಿ ತಾನೇ ಬಹಿರಂಗವಾಗಿ ಘೋಷಿಸಬೇಕಾಯಿತು. ಕೈಗಳಲ್ಲಿ ಕೌಶಲ ಇತ್ತು, ಬಟ್ಟೆಗೆ ಹೆಸರೂ ಇತ್ತು. ಆದರೆ ಮಾರುಕಟ್ಟೆ ಬಹುಮಟ್ಟಿಗೆ ಒಂದೇ ನಗರವನ್ನು, ಬಂಡವಾಳ ಒಂದೇ ಇಲಾಖೆಯ ಕಡತವನ್ನು ನಂಬಿ ನಿಂತಿತ್ತು. ದುಡಿಮೆಯನ್ನು ಹರಡಿದಂತೆ ಮಾರಾಟವನ್ನೂ ಹಣದ ಮೂಲವನ್ನೂ ಹರಡಬೇಕೆಂಬ ಪಾಠ ತುಂಬ ದುಬಾರಿಯಾಗಿ ದೊರೆಯಿತು.

ವೈವಿಧ್ಯವೆಂದರೆ ಹೊಸ ಬೆಳೆಯ ಹಿಂದೆ ಓಡುವುದೆಂದು ತಿಳಿದವರಿಗೆ ವೆನಿಲ್ಲಾ ನೆನಪಾಗಬೇಕು. ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಡಿದ ಮೇಲೆ 2003ರ ಸುಮಾರಿಗೆ ಹಸಿ ಕೋಡಿನ ಬೆಲೆ ಕಿಲೋಗೆ 3,000 ರೂಪಾಯಿ ದಾಟಿತ್ತು. ಮಲೆನಾಡು, ಕರಾವಳಿಗಳಲ್ಲಿ ಬಳ್ಳಿಯ ತುಂಡಿಗಾಗಿ ನೂಕುನುಗ್ಗಲು. ರಾತ್ರಿ ತೋಟ ಕಾಯಲು ಆಳು, ನಾಯಿ, ವಿದ್ಯುತ್ ಬೇಲಿ. ಎರಡೇ ವರ್ಷಗಳಲ್ಲಿ ಬೆಲೆ ನೂರು ರೂಪಾಯಿಯ ಆಸುಪಾಸಿಗೆ ಬಿದ್ದಿತು. ಅದಕ್ಕೂ ಹಿಂದೆ 1990ರ ದಶಕದಲ್ಲಿ, ಬೊಜ್ಜು ಕರಗಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ವಿದೇಶದಲ್ಲಿ ಬೇಡಿಕೆ ಎದ್ದಾಗ ಉತ್ತರ ಕನ್ನಡದ ಕಾಡಿನಲ್ಲಿ ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದರು, ಸಿಪ್ಪೆ ಒಣಗಿಸಲು ಕಾಡಿನ ಸೌದೆಯನ್ನೇ ಉರಿಸಿದರು. ಹೋಂ ಸ್ಟೇ ಇಂದಿನ ವೆನಿಲ್ಲಾ. ಹತ್ತು ಮನೆಗಳಲ್ಲಿ ಎರಡು ಅತಿಥಿಗಳನ್ನು ಇಟ್ಟುಕೊಂಡರೆ ಅದು ಉಪವೃತ್ತಿ. ಗುಡ್ಡವನ್ನು ಕಡಿದು, ಜಲಮೂಲವನ್ನು ತಿರುಗಿಸಿ ಈಜುಕೊಳ ಕಟ್ಟಿದರೆ ಅದು ಮತ್ತೊಂದು ಗಣಿ. 2018ರ ಕೊಡಗು, 2024ರ ಜುಲೈನ ಶಿರೂರು ಕಂಡ ಮೇಲೂ ಇದನ್ನು ವಿವರಿಸಿ ಹೇಳಬೇಕೆ?

ಹಾಗಾದರೆ ಮಾಡಬಹುದಾದದ್ದೇನು ಎಂಬ ಪ್ರಶ್ನೆಗೆ ಉತ್ತರ ಬೆಂಗಳೂರಿನ ಲಾಲ್‌ಬಾಗಿನಲ್ಲಿಯೇ ಇದೆ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಣ್ಣ ಸಂಘವಾಗಿ ಆರಂಭವಾದದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಜಯನಗರ, ಬನಶಂಕರಿಯ ಮನೆಗಳಿಗೆ ಬಯಲುಸೀಮೆಯ ತರಕಾರಿಯನ್ನು ದಲ್ಲಾಳಿಯಿಲ್ಲದೆ ತಲುಪಿಸಿತು. ಮಲೆನಾಡಿನ ಜೇನು, ಮುರುಗಲು, ಕಾಳುಮೆಣಸು, ಜೋನಿಬೆಲ್ಲ, ಹಲಸಿನ ಹಪ್ಪಳ, ಬಿದಿರು ಬೆತ್ತದ ಸಾಮಾನುಗಳಿಗೆ ಅಂಥದೊಂದು ಮಳಿಗೆಯ ಜಾಲ ಇನ್ನೂ ಬಂದಿಲ್ಲ. ಹಣವಿರುವ ಅಡಿಕೆ ಸಹಕಾರಿ ಸಂಘಗಳು ಮಲೆನಾಡಿನಲ್ಲಿ ಇವೆ. ಅವು ತಮ್ಮ ಲಾಭದ ಒಂದು ಪಾಲನ್ನು ಅಡಿಕೆಯಲ್ಲದ ವಸ್ತುಗಳ ಸಂಸ್ಕರಣೆಗೆ, ಮಾರಾಟಕ್ಕೆ ತೆಗೆದಿಡುವಂತೆ ಸದಸ್ಯರು ಮಹಾಸಭೆಯಲ್ಲಿ ಗೊತ್ತುವಳಿ ಮಂಡಿಸಬಹುದು. ಊಟದ ಸಮಯವಾಯಿತೆಂದು ಚರ್ಚೆ ಮುಗಿಸುವ ಪದ್ಧತಿಯನ್ನು ಒಂದು ವರ್ಷ ಬಿಟ್ಟರೆ ಸಾಕು. ಕಂಪ್ಯೂಟರ್ ಕಲಿತವರಿಗೆ ಊರಿನಲ್ಲಿ ಕೆಲಸ ಮಾಡಲು ಬೇಕಾದದ್ದು ನಿಲ್ಲದ ವಿದ್ಯುತ್ತು ಮತ್ತು ಕಡಿಯದ ಸಂಪರ್ಕ. ಇಡೀ ನಾಡಿಗೆ ಬೆಳಕು ಕೊಟ್ಟ ಶರಾವತಿಯ ದಂಡೆಯಲ್ಲಿ ಇವೆರಡನ್ನೂ ಕೇಳುವುದು ದುಬಾರಿ ಬೇಡಿಕೆಯಲ್ಲ. 2020ರಲ್ಲಿ ಊರಿಗೆ ಮರಳಿದ ನೂರಾರು ಯುವಜನರು ಎರಡು ವರ್ಷ ಮನೆಯ ಜಗಲಿಯಿಂದಲೇ ಕಚೇರಿ ನಡೆಸಿದರು, ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟರು. ಅವರನ್ನು ಉಳಿಸಿಕೊಳ್ಳುವ ಯೋಜನೆ ಯಾರ ಬಳಿಯೂ ಇರಲಿಲ್ಲ, ಅವರು ಹೋದರು. ಊರಿನಲ್ಲಿ ಉಳಿದ ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವೆಂದು ಮದುವೆ ಮನೆಗಳಲ್ಲಿ ಕೇಳಿಬರುವ ದೂರಿನ ಮೂಲವೂ ಇಲ್ಲಿಯೇ ಇದೆ. ಆ ಹೆಣ್ಣುಮಕ್ಕಳೂ ಓದಿದ್ದಾರೆ, ಓದಿಗೆ ತಕ್ಕ ಕೆಲಸ ಊರಿನಲ್ಲಿ ಇಲ್ಲವೆಂಬುದನ್ನು ದೂರುವವರು ಹೇಳುವುದಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿರುವ ಮಲೆನಾಡಿಗರ ಪಾಲೂ ಇದರಲ್ಲಿದೆ. ವರ್ಷಕ್ಕೊಮ್ಮೆ ಕಲ್ಯಾಣಮಂಟಪದಲ್ಲಿ ಸೇರಿ ಊರಿನ ಊಟ ಉಂಡು ಚದುರುವ ಅವರ ಸಂಘಗಳಲ್ಲಿ ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ, ಮಾರಾಟ ಬಲ್ಲವರಿದ್ದಾರೆ. ಊರಿನ ಮಹಿಳಾ ಸಂಘವೊಂದಕ್ಕೆ ಆಹಾರ ಪರವಾನಗಿ ಮಾಡಿಸಿಕೊಡುವುದು, ಲೆಕ್ಕ ಬರೆಯಲು ಕಲಿಸುವುದು, ತಮ್ಮ ಅಪಾರ್ಟ್‌ಮೆಂಟಿನ ಕೆಳಗೆ ತಿಂಗಳಿಗೊಂದು ದಿನ ಮೇಜು ಹಾಕಿಸುವುದು ಅವರಿಂದ ಆಗದ ಕೆಲಸವಲ್ಲ. ಇತ್ತ ಪಂಚಾಯಿತಿ ಮಟ್ಟದಲ್ಲಿ ಮೊದಲ ಹೆಜ್ಜೆ ಇನ್ನೂ ಸರಳ: ತಮ್ಮ ಊರಿನಿಂದ ಎಷ್ಟು ಮಂದಿ ಹೊರಹೋಗಿದ್ದಾರೆ, ಯಾವ ಕೆಲಸಕ್ಕೆ ಹೋಗಿದ್ದಾರೆ, ಏನಿದ್ದರೆ ಮರಳಿ ಬರುತ್ತಿದ್ದರು ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವುದು. ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮುಗಿಸಬಹುದಾದ ಕೆಲಸ ಇದು. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ಅಡಿಕೆ ಸಹಕಾರಿ ಸಂಘಕ್ಕೂ ಇನ್ನೊಂದನ್ನು ಜಿಲ್ಲಾ ಪಂಚಾಯಿತಿಗೂ ಕೊಡಬೇಕಾಗಿದೆ.